ಮಾಮನ ಹಬ್ಬದ ಎಳ್ಳು-ಬೆಲ್ಲ

ನನ್ನ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆ ನೋಯುತ್ತದೆ, ಮೈ ಕೆರೆಯುತ್ತದೆ ಎಂದಲ್ಲ, ಉಸಿರೇ ನಿಲ್ಲಬಹುದು. ಮೂರು ವರ್ಷದವಳಿದ್ದಾಗ ಯಾರದೋ ಹುಟ್ಟುಹಬ್ಬದಲ್ಲಿ ಒಂದು ಚೂರು ಚಿಕ್ಕಿ ತಿಂದಳು. ತುಟಿ ಊದಿತು, ಅತ್ತಳು, ಆಮೇಲೆ ಅಳುವುದನ್ನೇ ನಿಲ್ಲಿಸಿದಳು. ಆಸ್ಪತ್ರೆಗೆ ಹೋಗುವ ಆಟೋದಲ್ಲಿ, ಇನ್ನೊಂದು ಸಲ ಅಳಲಿ ದೇವರೇ ಎಂದು ಅವಳ ಕೆನ್ನೆ ತಟ್ಟುತ್ತಲೇ ಇದ್ದೆ. ಮಗು ಉಳಿಯಿತು. ಡಾಕ್ಟರು ಕೊಡಲು ಕಲಿಸಿದ ಇಂಜೆಕ್ಷನ್ ಅವತ್ತಿನಿಂದ ನನ್ನ ಕೈಚೀಲದಲ್ಲೇ ಇರುತ್ತದೆ.

ಇಂಥ ಮಗುವನ್ನು ಕಟ್ಟಿಕೊಂಡು ಜಯನಗರದಲ್ಲಿ ಬದುಕಿ ನೋಡಿ. ಚಿತ್ರಾನ್ನಕ್ಕೆ ಕಡಲೆಕಾಯಿ, ಚಟ್ನಿಗೆ ಕಡಲೆಕಾಯಿ, ಪಾರ್ಕಿನ ಗೇಟಿನಲ್ಲಿ ಬಿಸಿ ಬಿಸಿ ಕಡಲೆಕಾಯಿ. ಕಡಲೆಕಾಯಿ ಪರಿಷೆಯ ವಾರವಂತೂ ನಾವು ಬಸವನಗುಡಿಯ ಕಡೆ ತಲೆ ಹಾಕುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಾಟ ನೆರೆಹೊರೆಯವರ ಪ್ರೀತಿಯದು. ಕಂಡ ಮಗುವಿನ ಬಾಯಿಗೆ ಏನಾದರೂ ತುರುಕದಿದ್ದರೆ ಈ ಜನಕ್ಕೆ ಸಮಾಧಾನವೇ ಇಲ್ಲ. ನಿಜ ಹೇಳಿಬಿಡೋಣವೆಂದರೆ ನಮ್ಮತ್ತೆ ಬಿಡಲಿಲ್ಲ. "ಹೆಣ್ಣುಮಗು ಕಣೆ, ಕಾಯಿಲೆ ಇದೆ ಅಂತ ಬೀದಿಗೆಲ್ಲ ಸಾರ್ಬೇಡ" ಎಂದರು. ಹಾಗಾಗಿ ಯಾರು ಏನು ಕೊಟ್ಟರೂ "ಬೇಡ, ಅವಳಿಗೆ ಕೆಮ್ಮು" ಎನ್ನುತ್ತಾ ಬಂದೆ. ಮೂರು ವರ್ಷದಿಂದ ವಾಸಿಯಾಗದ ಕೆಮ್ಮು.

ನಮ್ಮ ಬ್ಲಾಕಿನಲ್ಲಿ, ಯಡಿಯೂರು ಕೆರೆಯ ಕಡೆ ಹೋಗುವ ರಸ್ತೆಯಲ್ಲಿ, ಟೀವಿ ಮಾಮ ಇದ್ದರು. ನಾವು ಚಿಕ್ಕವರಿದ್ದಾಗ ಮಕ್ಕಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು. ಕೈಗೊಂದು ಬಟ್ಟೆಯ ಗಿಳಿ ತೊಟ್ಟು, ಪ್ರತಿ ಸಲ ಮುಗಿಸುವಾಗ ಕ್ಯಾಮೆರಾದ ಹತ್ತಿರ ಬಗ್ಗಿ, "ಇವತ್ತು ಪಕ್ಕದ ಮನೆಯೋರ್ನ ಮಾತಾಡಿಸಿದ್ಯಾ, ಮರಿ?" ಎಂದು ಕೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಂಕ್ರಾಂತಿ ಕಳೆದ ಭಾನುವಾರ ಪಾರ್ಕಿನಲ್ಲಿ ಮಾಮನ ಹಬ್ಬ ಮಾಡುವುದು ರೂಢಿಯಾಯಿತು. ಸುತ್ತಲಿನ ಮನೆಯವರೆಲ್ಲ ಸೇರುತ್ತಾರೆ, ಮಕ್ಕಳು ಗಿಳಿ ಆಡಿಸುತ್ತಾರೆ, ಎಲ್ಲರೂ ಎಲ್ಲರಿಗೂ ಎಳ್ಳು-ಬೆಲ್ಲ ಬೀರುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಜೊತೆಗೆ ಹುರಿದ ಕಡಲೆಕಾಯಿ ಬೀಜ!

ಹಿಂದಿನ ವರ್ಷಗಳಲ್ಲಿ ಹೇಗೋ ತಪ್ಪಿಸಿಕೊಂಡಿದ್ದೆ. ಈ ಸಲ ಮಗಳು ಪಟ್ಟು ಬಿಡಲಿಲ್ಲ. ಮಾಮನ ಹಳೆಯ ವಿಡಿಯೋಗಳನ್ನು ಫೋನಿನಲ್ಲಿ ನೋಡಿ ನೋಡಿ ಅವಳಿಗೆ ಮಾಮನೆಂದರೆ ಪ್ರಾಣ. ಕೈ ಬಿಡಬಾರದು, ಏನೂ ತಿನ್ನಬಾರದು ಎಂದು ಆಣೆ ಹಾಕಿಸಿಕೊಂಡು ಕರೆದುಕೊಂಡು ಹೋದೆ.

ಕೈ ಬಿಟ್ಟವಳು ನಾನೇ. ಯಾರೋ ಅರಿಶಿನ-ಕುಂಕುಮ ತಂದರು, ಒಂದು ಕೈಯಲ್ಲಿ ತೆಗೆದುಕೊಳ್ಳುವುದು ಸರಿಯಲ್ಲವೆಂದು ಎರಡೂ ಕೈ ಒಡ್ಡಿದೆ. ತಿರುಗಿ ನೋಡಿದರೆ ಮಗಳಿಲ್ಲ.

ಎಲ್ಲಿ ನೋಡಿದರೂ ಲಂಗ ತೊಟ್ಟ ಮಕ್ಕಳು, ಎಲ್ಲರ ಬಾಯಿಯೂ ಆಡುತ್ತಿದೆ. "ಏನಾಯ್ತು ಮೇಡಂ?" ಎಂದು ಒಬ್ಬರು ಕೇಳಿದರು. ಹೆಸರು ಕೂಗುತ್ತಾ ಓಡುತ್ತಿದ್ದೇನೆ, ಆದರೂ ಏನಾಗಿದೆ ಎಂದು ಹೇಳಲು ನಾಲಗೆ ಹೊರಳುತ್ತಿಲ್ಲ. ಕೆಮ್ಮೆಂದು ಯಾರಾದರೂ ಹೀಗೆ ಓಡುತ್ತಾರೆಯೇ?

ಹೊಂಗೆ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಸಿಕ್ಕಳು. ನಮ್ಮ ಎದುರು ಮನೆಯ ಅಜ್ಜಿಯ ಪಕ್ಕ ಕೂತಿದ್ದಳು. ಆ ಅಜ್ಜಿಗೂ ನನಗೂ ಗೇಟಿನಲ್ಲಿ ಕಂಡರೆ ನಕ್ಕು ತಲೆಯಾಡಿಸುವಷ್ಟೇ ಪರಿಚಯ. ಅಜ್ಜಿಯ ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಮಗಳ ಕೆನ್ನೆ ಉಬ್ಬಿತ್ತು. ಅಗಿಯುತ್ತಿದ್ದಳು.

"ಉಗಿ! ಉಗಿದ್ಬಿಡು!" ಎಂದು ಕಿರುಚಿ ಅವಳ ಬಾಯಿಗೆ ಬೆರಳು ಹಾಕಿದೆ. ಇನ್ನೊಂದು ಕೈ ಚೀಲದೊಳಗಿಂದ ಇಂಜೆಕ್ಷನ್ ತೆಗೆಯಿತು. ಅಜ್ಜಿ ಆ ಕೈ ಹಿಡಿದುಕೊಂಡರು.

"ಕಡ್ಲೆಕಾಯಿ ಹಾಕಿಲ್ಲ ಕಣಮ್ಮ."

"ನಿಮ್ಗೆ ಯಾರು ಹೇಳಿದ್ರು?"

"ಇವಳೇ. ಒಂದಿನ ಬಂದು ಬೆಲ್ ಮಾಡಿದ್ಲು. ಪಕ್ಕದ ಮನೆಯೋರ್ನ ಮಾತಾಡಿಸ್ಬೇಕಂತೆ, ಎದುರು ಮನೆನೂ ಲೆಕ್ಕಕ್ಕೆ ಬರತ್ತಂತೆ. ನಂಗೆ ಕೆಮ್ಮಿಲ್ಲ ಅಜ್ಜಿ, ಕಡ್ಲೆಕಾಯಿ ತಿಂದ್ರೆ ಉಸಿರು ನಿಂತೋಗತ್ತೆ ಅಂದ್ಲು. ಅವತ್ತಿಂದ ನಾನು ಮನೆಗೆ ಕಡ್ಲೆಕಾಯಿ ತಂದಿಲ್ಲ. ಡಬ್ಬಿ ಹೊಸದು, ಚಾಕು ಹೊಸದು. ಹುರಿಗಡ್ಲೆನೂ ಹಾಕ್ಲಿಲ್ಲ, ಅಂಗಡೀಲಿ ಎರಡೂ ಪಕ್ಕಪಕ್ಕನೇ ಇಟ್ಟಿರ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತ್ತು. "ನನ್ನನ್ನ ಒಂದ್ಮಾತು ಕೇಳ್ಬೇಕಿತ್ತು ಅಜ್ಜಿ!"

"ಕೇಳಿದ್ರೆ ನೀನು ಕೆಮ್ಮು ಅಂತಿದ್ದೆ."

ಬಗ್ಗಿ, ಡಬ್ಬಿಯೊಳಗೆ ಬೆರಳಾಡಿಸಿ ನೋಡಿದೆ. ಎಳ್ಳು, ಬೆಲ್ಲ, ಕೊಬ್ಬರಿ ಅಷ್ಟೇ. ಆದರೂ ಭಯ ಹೋಗಲಿಲ್ಲ. ಇಂಜೆಕ್ಷನ್ ಮುಷ್ಟಿಯಲ್ಲೇ ಇತ್ತು. ಅಜ್ಜಿ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ.

"ನಂಗೂ ಭಯ ಕಣಮ್ಮ" ಎಂದರು. "ಬಾಯಿಗೆ ಹಾಕ್ಕೊಂಡಾಗ್ಲಿಂದ ಅವಳ ತುಟಿನೇ ನೋಡ್ತಾ ಕೂತಿದೀನಿ. ಬಾ, ನೀನೂ ಕೂತ್ಕೋ."

ಕೂತೆ. ವೇದಿಕೆಯ ಮೇಲೆ ಮಕ್ಕಳು ಗಿಳಿ ಹಿಡಿದು ಒಟ್ಟಾಗಿ ಮಾಮನ ಮಾತು ಕೂಗಿದರು. ಇಡೀ ಪಾರ್ಕು ಅತ್ತ ತಿರುಗಿ ಚಪ್ಪಾಳೆ ಹೊಡೆಯಿತು. ನಾವಿಬ್ಬರು ತಿರುಗಲಿಲ್ಲ.

ನಡುವೆ ಕೂತಿದ್ದ ಮಗಳಿಗೆ ರೇಗಿತು. "ಯಾಕೆ ಇಬ್ರೂ ನನ್ನೇ ನೋಡ್ತಿದೀರಾ?"