ಸೂರ್ಯನಿಗೊಂದು ಸ್ವಿಚ್ಚು

ಬೆಟ್ಟಸೀಮೆಯ ನರಿನ್ ಕಡೆಯ ನಮ್ಮ ಊರಿನ ವೃತ್ತಿ ಶಾಲೆಯಲ್ಲಿ ಕರೆಂಟಿನ ಕೆಲಸ ಕಲಿಸುತ್ತಿದ್ದವಳು ಬುರುಲ್. ಹುಡುಗರಿಗೆಲ್ಲ ಆಕೆ ಬುರುಲ್ ಎಜೆ, ಅಂದರೆ ಬುರುಲಕ್ಕ. ಪಕ್ಕದ ಕೋಣೆಯಲ್ಲಿ ನಾನು ನಕ್ಷೆ ಬಿಡಿಸುವುದನ್ನು ಕಲಿಸುತ್ತಿದ್ದೆ. ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಆಕೆಯ ಪಾಠ, ಬೈಗುಳ, ನಗು ಎಲ್ಲವೂ ನನ್ನ ಪಾಠದೊಳಕ್ಕೆ ನುಗ್ಗಿ ಬರುತ್ತಿದ್ದವು. ವಯಸ್ಸಿನಲ್ಲಿದ್ದಾಗ ಗಂಡಸರ ತಂಡದಲ್ಲಿ ವಿದ್ಯುತ್ ಕಂಬ ಹತ್ತಿದವಳು ಆಕೆ. ಪುಸ್ತಕ ಹಿಡಿದು ಕರೆಂಟು ಕಲಿಸುವವರನ್ನು ಕಂಡರೆ ಆಗುತ್ತಿರಲಿಲ್ಲ.

ಸೌರ ವಿದ್ಯುತ್ತು ಕಲಿಸಲೆಂದು ಹೊರದೇಶದವರು ಯಾವಾಗಲೋ ಕೊಟ್ಟ ಒಳ್ಳೆಯ ಸಾಮಾನು ಶಾಲೆಯಲ್ಲಿತ್ತು. ಇದ್ದದ್ದು ಗಾಜಿನ ಬೀರುವಿನೊಳಗೆ. ಬೀಗದ ಕೈ ಮುಖ್ಯೋಪಾಧ್ಯಾಯ ಸಾದಿರ್‌ಬೆಕ್‌ನ ಜೇಬಿನಲ್ಲಿ.

"ಮುಟ್ಟಿದ್ರೆ ಹಾಳಾಗುತ್ತಮ್ಮ. ದೊಡ್ಡವರು ಬಂದು ಕೇಳಿದ್ರೆ ಏನು ತೋರಿಸ್ಲಿ?" ಎನ್ನುತ್ತಿದ್ದ ಆತ.

"ಮುಟ್ಟದಿದ್ರೆ ಹುಡುಗರು ಹಾಳಾಗ್ತಾರೆ. ಅವರನ್ನ ಯಾವ ಬೀರುವಲ್ಲಿ ಇಡ್ತೀರಿ?" ಎಂದಳು ಬುರುಲ್.

ಬೀಗ ತೆರೆಯಲಿಲ್ಲ. ಆಕೆ ತಾನೇ ಒಂದು ಕಲಿಕೆಯ ಹಲಗೆ ಮಾಡಿಕೊಂಡಳು. ಕೆಡವಿದ್ದ ಹಳೆಯ ಊಟದ ಮನೆಯ ಬಾಗಿಲನ್ನು ಹೊತ್ತು ತಂದು ಗೋಡೆಗೆ ನಿಲ್ಲಿಸಿದಳು. ಅದರ ಮೇಲೆ ಗುಜರಿಯಿಂದ ಆಯ್ದ ಮೀಟರುಗಳು, ಸ್ವಿಚ್ಚುಗಳು, ಕೆಂಪು ಕಪ್ಪು ತಂತಿಗಳು. ಕೆಳಗೆ ಲಾರಿಯ ಬ್ಯಾಟರಿ. ಮೇಲ್ಗಡೆ ಒಂದು ಪುಟ್ಟ ಸೌರ ಫಲಕ. ಮುಟ್ಟಿದರೂ ಕಚ್ಚದಷ್ಟು ಕಡಿಮೆ ಕರೆಂಟು. ಹುಡುಗರು ತಂತಿ ಕಿತ್ತು, ತಪ್ಪು ಜೋಡಿಸಿ, ಮತ್ತೆ ಕಿತ್ತು ಕಲಿಯಬಹುದಿತ್ತು.

ನಮ್ಮ ಚಳಿಗಾಲದಲ್ಲಿ ಫಲಕವನ್ನು ಅಂಗಳಕ್ಕೆ ಒಯ್ದು ಪಾಠ ಮಾಡುವ ಮಾತೇ ಇಲ್ಲ, ಬೆರಳು ತಂತಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ನಾಟಕಶಾಲೆಯ ರಂಗಕ್ಕೆ ಹಾಕುತ್ತಿದ್ದ ದೊಡ್ಡ ದೀಪವೊಂದನ್ನು ಬೇಡಿ ತಂದು ಫಲಕದ ಎದುರಿಗೆ ಕಟ್ಟಿದಳು. ಅದೇ ಸೂರ್ಯ. ಅದರ ಕಾವಿಗೆ ಒಮ್ಮೆ ಕಿಟಕಿಯ ಪರದೆ ಕಮರಿತು. ಅಂದಿನಿಂದ ದೀಪವನ್ನೂ ಹಲಗೆಯ ಕೆಂಪು ಮೇನ್ ಸ್ವಿಚ್ಚಿಗೇ ಸೇರಿಸಿಬಿಟ್ಟಳು. ಅದನ್ನು ಒತ್ತಿದರೆ ಬಲ್ಬು, ಮೀಟರು, ಸೂರ್ಯ ಎಲ್ಲವೂ ಒಟ್ಟಿಗೆ ಸತ್ತುಹೋಗುತ್ತಿದ್ದವು. ಪಾಠ ಮುಗಿದಾಗ "ಸೂರ್ಯನ್ನ ಆರಿಸ್ರೋ!" ಎಂದು ಆಕೆ ಕೂಗುವುದು, ಹುಡುಗರು ಹೋ ಎನ್ನುವುದು ನನಗೆ ದಿನವೂ ಕೇಳುತ್ತಿತ್ತು.

ಸ್ವಿಚ್ಚಿಗೆ ಮೊದಲು ಓಡುತ್ತಿದ್ದವನು ತಾಲಾಯ್. ಕುರಿ ಕಾಯುವ ಕಾದಿರನ ಮಗ. ಚುರುಕು ಕೈ, ಅದಕ್ಕಿಂತ ಚುರುಕು ನಾಲಿಗೆ. ಒಂದು ದಿನ ಅವನು, "ಎಜೆ, ಹೊರಗಡೆ ಸೂರ್ಯನಿಗೆ ಸ್ವಿಚ್ಚು ಎಲ್ಲಿಟ್ಟಿದಾರೆ?" ಎಂದು ಕೇಳಿದ.

"ನಿಮ್ಮಪ್ಪನ ಟೋಪಿ ಒಳಗಿದೆ, ಹೋಗಿ ಹುಡುಕು" ಎಂದಳು ಬುರುಲ್. ಕೋಣೆಯೆಲ್ಲ ನಕ್ಕಿತು. ನಗು ನಿಂತ ಮೇಲೆ, "ಒಳ್ಳೆ ಪ್ರಶ್ನೆ ಕಣೋ. ಹೊರಗೆ ಬೇರೆ ಥರ. ಹಿಮ ಕರಗ್ಲಿ, ಅಂಗಳಕ್ಕೆ ಕರ್ಕೊಂಡು ಹೋಗಿ ತೋರಿಸ್ತೀನಿ" ಎಂದಳು.

ಹಿಮ ಕರಗಿತು. ಕೆಸರಾಯಿತು. ಯಾರೋ ಅಧಿಕಾರಿ ಬರುತ್ತಾರೆಂದು ಸಾದಿರ್‌ಬೆಕ್ ಎಲ್ಲರ ಕೈಯಲ್ಲೂ ಬೇಲಿಗೆ ಬಣ್ಣ ಹೊಡೆಸಿದ. ಆಮೇಲೆ ಪರೀಕ್ಷೆ. ಹುಡುಗರು ಕೈಕುಲುಕಿ ಹೊರಟುಹೋದರು. ಅಂಗಳದ ಪಾಠ ಉಳಿದೇಹೋಯಿತು.

ಮರುವರ್ಷದ ಬೇಸಿಗೆಯಲ್ಲಿ ಸುದ್ದಿ ಬಂತು. ತಾಲಾಯ್ ಆಗ ಮೈರಮ್ ಎಂಬುವನ ತಂಡದಲ್ಲಿದ್ದ. ಕಣಿವೆಯ ದಾರಿಯಲ್ಲಿ ಪ್ರಯಾಣಿಕರು ತಂಗುವ ಮನೆಯೊಂದರ ಚಾವಣಿಯ ಮೇಲೆ ಸೌರ ಫಲಕಗಳ ಸಾಲು. ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ ಎಂದು ಮನೆಯವರು ಕರೆದಿದ್ದರು. ತಾಲಾಯ್ ಒಬ್ಬನೇ ಏಣಿ ಹತ್ತಿದ್ದ. ನಡು ಮಧ್ಯಾಹ್ನದ ಬಿಸಿಲು. ಜೋಡಣೆಯನ್ನು ಹಿಡಿದು ಎಳೆದಿದ್ದೇ ನೀಲಿ ಬೆಂಕಿ ಹಾರಿ ಅಂಗೈಯನ್ನು ಹಿಡಿದುಕೊಂಡಿತು. ಬೆಚ್ಚಿ ಹಿಂದಕ್ಕೆ ಬಿದ್ದವನು ಕೆಳಗಿನ ಸೌದೆ ರಾಶಿಯ ಮೇಲೆ ಉರುಳಿದ. ಸೊಂಟದ ಮೂಳೆ ಮುರಿದಿತ್ತು. ಬಲಗೈಯ ಎರಡು ಬೆರಳು ಕೊಕ್ಕೆಯ ಹಾಗೆ ಸೆಟೆದುಹೋದವು.

ಶಾಲೆಯಲ್ಲಿ ಚಹಾ ಹೊತ್ತಿನಲ್ಲಿ ನಾನು ಈ ಸುದ್ದಿ ಹೇಳಿದಾಗ ಎಲ್ಲರೂ ಬದುಕುತ್ತಾನಾ ಎಂದು ಕೇಳಿದರು. ಬುರುಲ್ ಮಾತ್ರ, "ಸ್ವಿಚ್ಚು ಆರಿಸಿದ್ನಂತಾ?" ಎಂದಳು.

"ಆರಿಸಿದ್ನಂತೆ. ಕೆಳಗೆ ಮನೆಯ ಮೇನ್ ಸ್ವಿಚ್ಚು ಆರಿಸಿಯೇ ಹತ್ತಿದ್ನಂತೆ."

ಆಕೆ ಬಟ್ಟಲನ್ನು ಕೆಳಗಿಟ್ಟು ಬೆಂಚಿನ ಮೇಲೆ ಕುಳಿತುಬಿಟ್ಟಳು. ಮನೆಯ ಸ್ವಿಚ್ಚು ಆರಿಸಿದರೆ ಮನೆಯ ದೀಪ ಆರುತ್ತದೆ, ಅಷ್ಟೆ. ಬಿಸಿಲಿರುವ ತನಕ ಫಲಕಗಳು ಕರೆಂಟು ಹೆತ್ತು ಬ್ಯಾಟರಿಗೆ ತುಂಬುತ್ತಲೇ ಇರುತ್ತವೆ. ಮೊದಲು ಅವುಗಳ ಕಡೆಯ ಸ್ವಿಚ್ಚನ್ನು ಬೇರೆಯಾಗಿ ಆರಿಸಬೇಕು. ಆರಿಸಿದ ಮೇಲೂ ಅವು ಸತ್ತವೆಂದು ನಂಬಬಾರದು. ಇದನ್ನು ಬುರುಲ್ ಬಾಯಲ್ಲಿ ಹೇಳಿದ್ದಳು, ಬರೆಸಿಯೂ ಇದ್ದಳು. ಆದರೆ ಹುಡುಗನ ಕೈ ಕಲಿತದ್ದು ಹಲಗೆಯ ಪಾಠ. ಒಂದು ಸ್ವಿಚ್ಚು ಒತ್ತಿದರೆ ಸೂರ್ಯನೂ ಸಾಯುತ್ತಾನೆ ಎಂಬ ಪಾಠ.

ನಾಲ್ಕಾರು ದಿನ ಬಿಟ್ಟು ಆಕೆ ಆಸ್ಪತ್ರೆಗೆ ಹೋದಳು, ಜೊತೆಗೆ ನಾನೂ. ದಾರಿಯುದ್ದಕ್ಕೂ, ಅಲ್ಲಿ ಏನು ಹೇಳಬೇಕೆಂದು ತುಟಿಯಲ್ಲೇ ಮಾತು ಜೋಡಿಸುತ್ತಿದ್ದಳು. ತಾಲಾಯ್ ಮದ್ದಿನ ಮಂಪರಿನಲ್ಲಿದ್ದ. ಅವನ ತಾಯಿ ಜೇನೆಪ್ ಓಡಿ ಬಂದು ಬುರುಲಳನ್ನು ತಬ್ಬಿಕೊಂಡಳು.

"ಎಜೆ, ನೀವು ಕಲಿಸಿದ ಪುಣ್ಯ, ಸ್ವಿಚ್ಚಾದ್ರೂ ಆರಿಸಿ ಹತ್ತಿದಾನೆ. ಇಲ್ದಿದ್ರೆ ಇಷ್ಟು ಹೊತ್ತಿಗೆ ಮಣ್ಣು ಮಾಡಿರ್ತಿದ್ವಿ."

ಕಿಟಕಿಯ ಹತ್ತಿರ ನಿಂತಿದ್ದ ಕಾದಿರ್ ತಿರುಗಲಿಲ್ಲ. "ಪೆದ್ದ ನನ್ಮಗ. ಇಷ್ಟು ಚೆನ್ನಾಗಿ ಹೇಳಿಕೊಟ್ಟೋರ ಮುಂದೆ ನಂಗೆ ನಾಚಿಕೆ ಆಗ್ತಿದೆ" ಎಂದ.

ಜೇನೆಪ್ ರೊಟ್ಟಿ ಮುರಿದು ಬುರುಲಳ ಕೈಗಿಟ್ಟಳು. ಆಕೆ ಅದನ್ನು ಅಗಿದಳು, ಅಗಿಯುತ್ತಲೇ ಇದ್ದಳು. ಜೋಡಿಸಿಕೊಂಡು ಬಂದ ಮಾತು ರೊಟ್ಟಿಯ ಜೊತೆ ಒಳಕ್ಕೇ ಹೋಯಿತು. ತಂದಿದ್ದ ಸೂಪಿನ ಪಾತ್ರೆ ಇಟ್ಟು ಎದ್ದುಬಂದಳು.

ಮರಳಿದ ಮೇಲೆ ಸಾದಿರ್‌ಬೆಕ್‌ನ ಹತ್ತಿರ ಹೋಗಿ ಎಲ್ಲ ಹೇಳಿದಳು. ಆತ ಬಾಗಿಲು ಹಾಕಿಬಂದ. "ಯಾರಾದ್ರೂ ನಿಮ್ಮನ್ನ ಕೇಳಿದ್ರಾ? ಇಲ್ಲ ತಾನೆ? ಸುಮ್ನೆ ಇದ್ಬಿಡಿ. ಶಾಲೆ ಹೆಸರು ಕೆಡಿಸ್ಬೇಡಿ."

ಆಕೆ ಸುಮ್ಮನಿದ್ದಳು. "ಆತ ಹೇಳಿದ ಅಂತ ಸುಮ್ನಿದ್ದದ್ದಲ್ಲ ಕಣೋ. ನಂಗೂ ಅದೇ ಬೇಕಾಗಿತ್ತು" ಎಂದು ಬಹಳ ದಿನಗಳ ಮೇಲೆ ನನಗೆ ಹೇಳಿದಳು.

ಹಲಗೆಗೆ ಒಂದು ಹಳೆಯ ಕಂಬಳಿ ಹೊದಿಸಿ ಸೀಮೆಸುಣ್ಣ ಹಿಡಿದಳು. ಗೋಡೆಯಾಚೆ ನಗು ನಿಂತುಹೋಯಿತು. ಹೊಸ ಹುಡುಗರು ನಿದ್ದೆಗಣ್ಣಿನಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ, "ನೀನೇನು ಅವನನ್ನ ಏಣಿಗೆ ಕಟ್ಟಿ ಹತ್ತಿಸಿದ್ಯಾ?"

"ಹತ್ತಿಸಿದ್ದು ನಾನೇ. ಕರೆಂಟು ಕಂಡ್ರೆ ಹೆದರ್ತಿದ್ದ ಹುಡುಗರ ಹೆದರಿಕೆ ತೆಗೆದುಬಿಟ್ಟೆ ಅಂತ ಜಂಬ ಕೊಚ್ಕೋತಿದ್ದೆ. ಒಂಚೂರು ಉಳಿಸ್ಬೇಕಾಗಿತ್ತು."

ಆಲೂಗಡ್ಡೆ ಕೀಳುವ ಕಾಲಕ್ಕೆ ತಾಲಾಯ್ ಕೋಲೂರಿಕೊಂಡು ತಾನಾಗಿಯೇ ಶಾಲೆಗೆ ಬಂದ. ನಾನು ಬುರುಲಳ ಕೋಣೆಯಲ್ಲೇ ಇದ್ದೆ. ಕಂಬಳಿ ನೋಡಿ, "ಏನೆಜೆ, ಬಾಗಿಲಿಗೆ ಚಳಿಜ್ವರಾನಾ?" ಎಂದು ನಕ್ಕ.

ಬುರುಲ್ ನಗಲಿಲ್ಲ. ಅವನನ್ನು ಕೂರಿಸಿ, ನಿಂತುಕೊಂಡೇ ಹೇಳಿದಳು. ದೀಪ, ಕೆಂಪು ಸ್ವಿಚ್ಚು, ಅವನು ಕೇಳಿದ ಪ್ರಶ್ನೆ, ತಾನು ಕೊಟ್ಟ ಮಾತು.

"ನಾನು ಹಂಗೆ ಕೇಳಿದ್ನಾ? ನೆನಪಿಲ್ಲ ಎಜೆ" ಎಂದ ಅವನು.

ಆಕೆಯ ಮುಖ ಇನ್ನಷ್ಟು ಸಣ್ಣದಾಯಿತು. ತಾಲಾಯ್ ಸೆಟೆದ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಅವನ ದನಿ ಬದಲಾಯಿತು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಸುದ್ದಿ ಬಂದ ದಿನಾನೇ."

"ಅವತ್ತೇನಾ? ಬೇಸಿಗೆ ಪೂರ್ತಿ ಊರೋರು ನನ್ನ ಬಗ್ಗೆ ಏನಂದ್ರು ಗೊತ್ತಾ? ಕುಡಿದಿದ್ದ ಅಂದ್ರು. ಫೋನ್ ನೋಡ್ತಾ ತಂತಿ ಎಳೆದ ಅಂದ್ರು. ಮೈರಮಣ್ಣ ತಂಡದಿಂದ ತೆಗೆದುಹಾಕ್ದ. ಅಪ್ಪ ನನ್ನ ಮುಖ ನೋಡಿ ಊಟ ಮಾಡಲ್ಲ. ಕೈ ಹೋಗಿದ್ದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ ಎಜೆ. ನಾನೂ ನೋಡ್ಬೇಕಾಗಿತ್ತು. ಆದ್ರೆ ನೀವು ಬಾಯಿ ಮುಚ್ಕೊಂಡು ಕೂತ್ರಲ್ಲ!"

ಕೋಲನ್ನು ನೆಲಕ್ಕೆ ಕುಟ್ಟುತ್ತ ಹೊರಟುಹೋದ. ಅಷ್ಟು ದಿನ ಬುರುಲ್ ತಾನು ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಹೊರೆಯನ್ನು ನಿಜವಾಗಿ ಆ ಹುಡುಗನ ಮೇಲೆ ಹೊರಿಸಿಟ್ಟಿದ್ದಳು.

ಅದಾಗಿ ಕೆಲವೇ ದಿನಕ್ಕೆ ಕಾದಿರನ ಮನೆಯಲ್ಲಿ, ಮಗ ಬದುಕಿ ಎದ್ದು ನಡೆದನೆಂದು ಕುರಿ ಕಡಿದು ನೆರೆಯವರನ್ನೆಲ್ಲ ಕರೆದರು. ಮೈರಮ್ ಕೂಡ ಬಂದಿದ್ದ. ಊಟಕ್ಕೆ ಹಾಸಿದ ದಸ್ತರ್‌ಖಾನಿನ ಸುತ್ತ ಎಲ್ಲರೂ ಕುಳಿತರು. ಹಿರಿಯರು ಪ್ರಾರ್ಥನೆಗೆ ಕೈ ಎತ್ತುವ ಮೊದಲೇ ಬುರುಲ್ ಎದ್ದು ನಿಂತಳು.

"ಊಟಕ್ಕೆ ಮುಂಚೆ ನಂದೊಂದು ಮಾತಿದೆ. ತಾಲಾಯ್ ಪೆದ್ದ ಅಲ್ಲ, ಕುಡಿದೂ ಇರ್ಲಿಲ್ಲ. ಶಾಲೇಲಿ ನಾನು ಹೆಂಗೆ ಅಭ್ಯಾಸ ಮಾಡಿಸಿದ್ನೋ ಹಂಗೇ ಮಾಡ್ದ. ನನ್ನ ಹಲಗೆ ತಪ್ಪು ಕಲಿಸ್ತು. ಸರಿಯಾದ್ದು ತೋರಿಸ್ತೀನಿ ಅಂತ ಹೇಳಿ ತೋರಿಸ್ಲಿಲ್ಲ. ಆಮೇಲೆ ಹೆದರಿ ಬಾಯಿನೂ ಬಿಡ್ಲಿಲ್ಲ."

ಮೈರಮ್ ಗಡ್ಡ ಕೆರೆದುಕೊಂಡು, "ಮೊದಲೇ ಬಂದು ಹೇಳೋದಲ್ವಾ ಎಜೆ?" ಎಂದ. ಬಿಸಿಲಲ್ಲಿ ಹುಡುಗನನ್ನು ಒಬ್ಬನೇ ಮೇಲೆ ಕಳಿಸಿದ್ದು ಅವನಿಗೂ ನೆನಪಾಗಿರಬೇಕು, ತಲೆ ಬಗ್ಗಿಸಿದ. ಕಾದಿರ್ ಎದ್ದು ಟೋಪಿ ಹಾಕಿಕೊಂಡು ಹೊರಗೆ ಕುದುರೆಯ ಹತ್ತಿರ ಹೋದ. ಊಟ ಮುಗಿಯುವವರೆಗೂ ಒಳಗೆ ಬರಲಿಲ್ಲ. ಜೇನೆಪ್ ಬುರುಲಳಿಗೆ ಚಹಾ ಕೊಟ್ಟಳು, ಆದರೆ ತಬ್ಬಿಕೊಳ್ಳಲಿಲ್ಲ. ತಾಲಾಯ್ ಮಾತ್ರ ಬಾಗಿಲ ತನಕ ಬಂದು, "ಈಗ ಸರಿ" ಎಂದಷ್ಟೇ ಹೇಳಿದ.

ಸಾದಿರ್‌ಬೆಕ್ ಕೂಗಾಡಿದ. ಆ ವರ್ಷ ಆಕೆಗೆ ಪಾಠ ಕಡಿಮೆ ಮಾಡಿದ. ಆದರೂ ಊರಿನ ತಂದೆತಾಯಂದಿರು ಒಂದಿಬ್ಬರು ಬಂದು ಜಗಳ ಮಾಡಿದ ಮೇಲೆ ಗಾಜಿನ ಬೀರುವಿನ ಬೀಗ ತೆರೆಯಿತು. ಬುರುಲ್ ತನ್ನ ಬಾಗಿಲನ್ನು ಬಿಚ್ಚಿ ಹೊಸದಾಗಿ ಕಟ್ಟಿದಳು. ತಾಲಾಯ್ ಬಂದು ಎಡಗೈಯಲ್ಲಿ ತಿರುಪು ಬಿಗಿದು ಸಹಾಯ ಮಾಡಿದ. ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಈಗ ಹುಡುಗರು ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಹಿಮದ ಅಂಗಳದಲ್ಲೇ ನಿಲ್ಲುತ್ತಾರೆ. ಮನೆಯ ಸ್ವಿಚ್ಚು ಆರಿಸಿದ ಮೇಲೂ ಫಲಕದ ಕಡೆಯ ಮೀಟರಿನ ಮುಳ್ಳು ಕೆಳಗಿಳಿಯದೆ ನಿಂತಿರುವುದನ್ನು ಒಬ್ಬೊಬ್ಬರೇ ಬಂದು ನೋಡಬೇಕು. ಯಾರಿಗಾದರೂ ನೆಗಡಿಯಾದರೆ ತಾಯಂದಿರು ಬುರುಲಳನ್ನು ಬೈಯುತ್ತಾರೆ. ಆಕೆ ಬೈಸಿಕೊಳ್ಳುತ್ತಾಳೆ.

ತಾಲಾಯ್ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ವಿದ್ಯುತ್ ಸಾಮಾನಿನ ಅಂಗಡಿ ಸೇರಿಕೊಂಡ. ಅಲ್ಲೇ ಒಬ್ಬ ಹುಡುಗಿಯನ್ನು ಮೆಚ್ಚಿಕೊಂಡ. ಕಳೆದ ವರ್ಷ ಮದುವೆಗೆ ನಮ್ಮಿಬ್ಬರನ್ನೂ ಕರೆದಿದ್ದರು. ಬುರುಲ್ ಬಾಗಿಲ ಹತ್ತಿರದ ಜಾಗ ಹಿಡಿದು ಕುಳಿತಳು. ಮಾಂಸ ಹಂಚುವಾಗ ಕಾದಿರ್ ತಾನೇ ತಟ್ಟೆ ಹಿಡಿದು ಬಂದ. ಹಿರಿಯ ಬೀಗರಿಗೆ ಕೊಡುವಂಥ ಎಲುಬಿನ ದೊಡ್ಡ ತುಂಡನ್ನು ಆಕೆಯ ಮುಂದಿಟ್ಟು, "ತಿನ್ನಿ ಎಜೆ, ಆರಿಹೋಗುತ್ತೆ" ಎಂದು ಮುಂದಕ್ಕೆ ಹೋದ.

ಆಕೆ ಚಾಕು ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಎಲ್ಲರೂ ಎದ್ದಾಗ ತುಂಡನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. ಬಸ್ಸಿನಲ್ಲಿ ನಾನು, "ತಿನ್ನಬಹುದಿತ್ತಲ್ಲ ಬುರುಲ್" ಎಂದೆ.

"ಮನೆಗೆ ಹೋಗಿ ತಿಂತೀನಿ" ಎಂದು ಚೀಲವನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕುಳಿತಳು.