ನೂರು ಎಣಿಸುವವರೆಗೆ

ಮೈದಾ ಗಂಜಿಗೆ, ಹುಳು ಹಿಡಿಯದಿರಲೆಂದು, ಚೂರು ಮೈಲುತುತ್ತ ಹಾಕಿ ಕುದಿಸಿದಾಗ ಏಳುವ ವಾಸನೆ ನಿಮಗೂ ನೆನಪಿರಬಹುದು. ಈಗ ಅಂಟು ಟ್ಯೂಬಿನಲ್ಲಿ ಬರುತ್ತದೆ. ಮೊನ್ನೆ ಕುವೆಂಪುನಗರದ ನಮ್ಮ ಮನೆಯಲ್ಲಿ ಮಗಳ ಪುಸ್ತಕಗಳಿಗೆ ರಟ್ಟು ಹಾಕಲೆಂದು ಹಳೆಯ ಕ್ರಮದಲ್ಲೇ ಗಂಜಿ ಕಾಯಿಸಿದೆ. ಕೈ ಸೌಟಿನಲ್ಲಿತ್ತು, ಮನಸ್ಸು ಚಾಮರಾಜಪುರದ ಅಜ್ಜಿಯ ಮನೆಯ ನಡುಮನೆಗೆ ಹೋಗಿ ಕೂತುಬಿಟ್ಟಿತು. ಆ ಮನೆಯೂ ಈಗಿಲ್ಲ.

ಅಮ್ಮನ ತಮ್ಮ ಸೀನು ಮಾವ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಕಡೆ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಊರಿಗೆ ಮರಳಿ ಐದಾರು ವರ್ಷವಾಗಿದ್ದರೂ ಆಕಾಶದಲ್ಲಿ ಸದ್ದಾದರೆ ಅವನ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ನನಗೆ ಒಂಬತ್ತಾದ ಬೇಸಿಗೆಯಲ್ಲಿ, ಇದ್ದಕ್ಕಿದ್ದಂತೆ, ಕಾಗದದಲ್ಲಿ ಹರಿಕೇನ್ ಯುದ್ಧವಿಮಾನ ಕಟ್ಟಲು ಕೂತ. ನಿಜವಾದದ್ದರ ಒಂದಡಿಗೆ ಇಲ್ಲಿ ಅರ್ಧ ಅಂಗುಲ. ಮೈಗೆ ಹಳೆಯ ಕ್ಯಾಲೆಂಡರು, ರೆಕ್ಕೆಯ ಒಳಗಿನ ಪಕ್ಕೆಲುಬುಗಳಿಗೆ ದಪ್ಪ ಲಗ್ನಪತ್ರಿಕೆ. ಅಂಟಿಸಿದ ಅಂಚನ್ನು ನೂರು ಎಣಿಸುವವರೆಗೆ ಬೆರಳಲ್ಲಿ ಒತ್ತಿ ಹಿಡಿಯುವುದು ನನ್ನ ಕೆಲಸ. “ಎಣಿಕೆ ನುಂಗ್ಬೇಡ ಕಣೇ. ಮೇಲೆ ಗಾಳೀಲಿ ಬಿಚ್ಕೊಂಡ್ರೆ ನೀನು ಹೋಗಿ ಹಿಡೀತೀಯಾ?” ಎನ್ನುತ್ತಿದ್ದ.

ಪೈಲಟ್ ಕೂರುವ ಗೂಡಿಗೆ ಮಾತ್ರ ಟ್ರಂಕಿನಿಂದ ಒಂದು ಪೋಸ್ಟ್‌ಕಾರ್ಡು ತಂದು, ಕತ್ತರಿ ತಾಗಿಸದೆ ಮಡಿಸಿ ಅಂಟಿಸಿದ. ಅವನು ಸಿದ್ಧಮಾಡಿ ಕಳಿಸಿದ್ದ ವಿಮಾನದಲ್ಲಿ ಹೋಗಿ ಹಿಂತಿರುಗದ ಪೈಲಟ್ ಒಬ್ಬನ ತಂದೆ ಧಾರವಾಡದಿಂದ ಬರೆದ, ವೈಕುಂಠ ಸಮಾರಾಧನೆಯ ದಿನ ತಿಳಿಸುವ ಕಾರ್ಡು. “ಬೆಳಿಗ್ಗೆ ಎಂಜಿನ್ ಸರಿಯಾಗೇ ಇತ್ತು ಕಣೇ,” ಎಂದ. ನಾನೇನೂ ಕೇಳಿರಲಿಲ್ಲ.

ನವರಾತ್ರಿಗೆ ಗೊಂಬೆ ಕೂರಿಸುವಾಗ ಅಜ್ಜಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ವಿಮಾನಕ್ಕೆಂದು ಒಂದೂವರೆ ಮೊಳ ಜಾಗ ಬಿಟ್ಟರು. “ಕತ್ತರಿ ಹಿಡಿದನಲ್ಲ, ಅದೇ ದೊಡ್ಡದು. ತಂದಿಡ್ಲಿ ಬುಡು,” ಎಂದರು ಅಮ್ಮನಿಗೆ. ಮಾವ ಮುಖ ತೊಳೆದು, ತಲೆ ಬಾಚಿ, ವಿಮಾನವನ್ನು ಮಗುವಿನಂತೆ ಎರಡೂ ಕೈಯಲ್ಲಿ ಹೊತ್ತು ತಂದ. ಅಜ್ಜಿ ಕುಂಕುಮದ ಬಟ್ಟಲು ಹಿಡಿದು, “ಏನೇನು ಕಾಗದ ಹಾಕಿದ್ರೇ?” ಎಂದು ನನ್ನನ್ನು ಕೇಳಿದರು. ನಾನು ಹೆಮ್ಮೆಯಿಂದ ಒಂದೊಂದನ್ನೂ ಹೇಳಿದೆ. ಕಾರ್ಡನ್ನೂ ಬಿಡಲಿಲ್ಲ.

ಸಾವಿನ ಕಾಗದ ಬಂದರೆ ಓದಿ, ಹೊಸ್ತಿಲಾಚೆಯೇ ಹರಿದು ಹಾಕಿ ಒಳಗೆ ಬರುವ ಮನೆ ಅದು. ಅಜ್ಜಿಯ ಬೆರಳು ಅಲ್ಲೇ ನಿಂತಿತು. “ಅದನ್ನ ಇನ್ನೂ ಇಟ್ಕೊಂಡಿದೀಯೇನೋ? ದೇವರ ಮುಂದೆ ಹೆಂಗೋ ಕೂರಿಸ್ಲಿ?”

“ಹರಿಯೋಕಾಗ್ಲಿಲ್ಲಮ್ಮ,” ಎಂದ ಮಾವ. ನನ್ನ ಕಡೆ ನೋಡಲೂ ಇಲ್ಲ.

ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿಯಲ್ಲಿ ವಿಮಾನವನ್ನು ಮುಳುಗಿಸಿದ. ನಾನು ಒತ್ತಿ ಹಿಡಿದಿದ್ದ ಅಂಚುಗಳು ಒಂದೊಂದಾಗಿ ಬಿಟ್ಟುಕೊಂಡವು. ಶಾಯಿ ಕದಡಿ ಹೆಸರೂ ಉಳಿಯದ ಕಾರ್ಡನ್ನು ಎತ್ತಿಕೊಂಡು, ನಿಧಾನವಾಗಿ ಹರಿದ. ಆಮೇಲೆ ಸಾವಿನ ಮನೆಯಿಂದ ಬಂದವನ ಹಾಗೆ ತಲೆಗೆ ನೀರು ಹೊಯ್ದುಕೊಂಡು ಒಳಗೆ ಬಂದ. ಮತ್ತೆ ಕತ್ತರಿ ಹಿಡಿಯಲಿಲ್ಲ. ಅಜ್ಜಿಯೂ ಆ ಜಾಗಕ್ಕೆ ಬೇರೆ ಗೊಂಬೆ ತಂದಿಡಲಿಲ್ಲ.

ಈಗ ಇಬ್ಬರೂ ಇಲ್ಲ. ಕಾರ್ಡಿನ ಬಗ್ಗೆ ನಾನಾಡಿದ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಯಾರ ಮುಂದೆ? ಗಂಜಿ ಆರುತ್ತಿತ್ತು. ರಟ್ಟಿನ ಅಂಚು ಒತ್ತಿ ಹಿಡಿದು ಎಣಿಸತೊಡಗಿದೆ. “ಸಾಕು ಬಿಡಮ್ಮ, ಅಂಟ್ಕೊಂಡಿದೆ,” ಎಂದಳು ಮಗಳು. ಬೆರಳು ನೋಯುತ್ತಿತ್ತು. ಒಂದನ್ನೂ ನುಂಗದೆ ನೂರರವರೆಗೂ ಎಣಿಸಿದೆ.