ಹಲಗೆಯ ತುದಿ

ಅಪ್ಪನ ಬಲ ಮೊಣಕಾಲು ಅದಿರು ಸಾಗಿಸುವ ಬಾರ್ಜಿನ ಕೆಲಸದಲ್ಲಿ ಸವೆದು ಹೋಗಿತ್ತು. ಆದರೂ ಭಾನುವಾರದ ಫುಟ್‌ಬಾಲನ್ನು ಅವನು ನಿಂತೇ ನೋಡಬೇಕು. ಎಂಬತ್ತರ ದಶಕದ ಕೊನೆಯ ಮಾತಿದು. ಬಂದರಿನ ಹಿಂದಿನ ಮೈದಾನದಲ್ಲಿ ಒಂದು ಬದಿಗೆ ತಗಡಿನ ಮಾಡು, ಅದರಡಿ ಕುರ್ಚಿಗಳು. ಎದುರು ಬದಿಗೆ ಕೆಂಪು ಮಣ್ಣಿನ ಇಳಿಜಾರು. ಇಳಿಜಾರು ನಮ್ಮದು. ಅದಿರಿನ ಧೂಳು ಹತ್ತಿದ ಬಟ್ಟೆ ಕಂಡರೆ ಕುರ್ಚಿಗಳ ಬದಿಯ ಗೇಟು ಕಾಯುವವನು ಮುಖ ಗಂಟಿಕ್ಕುತ್ತಿದ್ದ. ಬಿಜಾಪುರದ ಕಡೆಯಿಂದ ದುಡಿಯಲು ಬಂದ ನಮ್ಮ ಮಂದಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು ಇಳಿಜಾರಿನಲ್ಲೇ ನಿಲ್ಲುತ್ತಿದ್ದರು.

ನನಗಾಗ ಇಪ್ಪತ್ತೆರಡು. ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯುವ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸೋಮವಾರ ಬೆಳಿಗ್ಗೆ ಅಪ್ಪ ಊದಿದ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿ ಹೋಗಿತ್ತು. ಆ ಕಾಲು ಇನ್ನಷ್ಟು ಕೆಟ್ಟರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಬಂದರಿನ ಜೋಪಡಿಯೂ ಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಈ ಮನುಷ್ಯ ತೊಂಬತ್ತು ನಿಮಿಷ ನಿಲ್ಲುತ್ತಾನಲ್ಲ!

"ಕುಂತು ನೋಡಿದ್ರ ಗೋಲ ಆಗೂದಿಲ್ಲೇನ?" ಎಂದು ಕೇಳಿದೆ.

"ಮುಂದಿನಾಂವ ಎದ್ದನಂದ್ರ ಕುಂತಾವಂಗ ಏನೂ ಕಾಣೂದಿಲ್ಲ. ನಿಂತ್ರ, ಮಂದಿ ನೂಕಿದ್ರೂ ಹಿಡಿಯಾಕ ಒಂದ ಹೆಗಲರ ಸಿಗತೈತಿ," ಎಂದ ಅಪ್ಪ.

ನಾನು ಬಿಡಲಿಲ್ಲ. ಅಪ್ಪನ ಜೊತೆ ಬಾರ್ಜಿನಲ್ಲಿ ದುಡಿಯುವ ಗ್ಯಾಂಗಿನವರ ಮುಂದೆಯೇ ಜಗಳ ತೆಗೆದೆ. ಆಫೀಸಿನ ಸಾಹೇಬರಿಗೆ ಮಾತ್ರ ಕೂರುವ ಹಕ್ಕೇ, ನಮ್ಮ ಸೊಂಟ ಸೊಂಟವಲ್ಲವೇ ಎಂದು ಕೂಗಾಡಿದೆ. ಗ್ಯಾಂಗು ಎರಡು ಪಾಲಾಯಿತು. ಕೂತು ನೋಡುವವರು ಸಿನಿಮಾಕ್ಕೆ ಹೋಗಲಿ ಎಂದರು ಕೆಲವರು. ವಯಸ್ಸಾದವರು ಸೊಂಟ ಸವರಿಕೊಂಡು ನನ್ನ ಮಾತಿಗೆ ತಲೆಯಾಡಿಸಿದರು. ಕೊನೆಗೆ ಗ್ಯಾಂಗಿಗೆ ಕೆಲಸ ಹಂಚುವ ಮುಕಾದಮ ನನ್ನ ಪರ ನಿಂತ. "ಕಾಕಾ, ನಿಮ್ಮ ಮಗಳು ಹೇಳೂದು ಖರೇ ಐತ್ರಿ. ಕುಂಡ್ರಾಕ ನಾ ವ್ಯವಸ್ಥಾ ಮಾಡತೇನಿ," ಎಂದು ಅಪ್ಪನ ಬಾಯಿ ಮುಚ್ಚಿಸಿದ.

ಅವನ ವ್ಯವಸ್ಥೆ ಎಂದರೆ ಬಾರ್ಜಿನ ಹಳೆಯ ಹಲಗೆ. ಇಳಿಜಾರಿನ ಅಂಚಿನಲ್ಲಿ ಕೆಂಪುಕಲ್ಲುಗಳ ಎರಡು ಗುಪ್ಪೆ ಮಾಡಿ, ಅವುಗಳ ಮೇಲೆ ಹಲಗೆ ಹಾಸಿದ. ಎರಡೂ ತುದಿ ಕಲ್ಲಿನಾಚೆ ಚಾಚಿಕೊಂಡಿದ್ದವು. ಒಂದು ತುದಿಯ ಕೆಳಗೆ ಮಳೆನೀರಿನ ಆಳದ ಗಟಾರ. ಬಾಗದ ಕಾಲನ್ನು ಚಾಚಲು ಜಾಗವಿದ್ದದ್ದು ಆ ತುದಿಯಲ್ಲೇ. ಹಾಗಾಗಿ ಅಪ್ಪನಿಗೆ ಅದೇ ಜಾಗ. ನಾನು ಗೋಣಿಯಲ್ಲಿ ಹುಲ್ಲು ತುಂಬಿ ಮೆತ್ತೆ ಹೊಲಿದು ಅಲ್ಲಿ ಹಾಸಿದೆ.

ಬಾರ್ಜಿನವರಿಗೆ ಒಂದು ಪದ್ಧತಿ ಇತ್ತು. ಮಧ್ಯಾಹ್ನ ರೊಟ್ಟಿ ತಿನ್ನಲು ನೀರಿನ ಮೇಲಕ್ಕೆ ಚಾಚಿದ ಹಲಗೆಯಲ್ಲಿ ಸಾಲಾಗಿ ಕೂರುತ್ತಿದ್ದರು. ಏಳುವವನು "ಏಳಾಕತ್ತೇನಿ" ಎನ್ನಬೇಕು. ಉಳಿದವರು ಸರಿದು ಭಾರ ಸರಿಮಾಡಿಕೊಂಡು "ಏಳು" ಎನ್ನುವ ತನಕ ಅವನು ಏಳಬಾರದು. ಮೈದಾನದ ಹಲಗೆಯ ಮೇಲೆ ಕೂತ ಮೊದಲ ದಿನವೇ ಅಪ್ಪ ಇದನ್ನು ನೆನಪಿಸಿದ.

ನಾನು ನಕ್ಕುಬಿಟ್ಟೆ. "ಇಲ್ಲೇನ ಸಮುದ್ರ ಐತೇನಪ್ಪಾ, ಮುಳಗಾಕ?"

ಮುಕಾದಮನೂ ನಕ್ಕ. ಅಪ್ಪ ನಗಲಿಲ್ಲ. ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮೂರು ಭಾನುವಾರ ಏನೂ ಆಗಲಿಲ್ಲ. ಸೋಮವಾರಗಳಂದು ಉಪ್ಪಿನ ಗಂಟು ಒಲೆಯ ಬಳಿಯೇ ಉಳಿಯಿತು. ನನಗೆ ಜಂಬ ಬಂತು, ಸುಳ್ಳೇಕೆ ಹೇಳಲಿ.

ನಾಲ್ಕನೆಯ ವಾರವೆಲ್ಲ ಮಳೆ ಸುರಿಯಿತು. ಭಾನುವಾರ ಮಧ್ಯಾಹ್ನ ಮಳೆ ನಿಂತರೂ ಆಕಾಶ ಮೈದಾನದ ಮೇಲೆಯೇ ಇಳಿದುಬಿಟ್ಟಂತೆ ಕಪ್ಪಾಗಿತ್ತು. ಗಾಳಿಯೇ ಇರಲಿಲ್ಲ. ಗಟಾರದಲ್ಲಿ ಕೆಂಪು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ನಾವು ನಾಲ್ವರು ಹಲಗೆಯ ಮೇಲೆ ಕೂತಾಗ ಕೆಳಗೆ ಕಲ್ಲು ಕರ್ ಎಂದಿತು. ಅಪ್ಪ ನನ್ನ ಕಡೆ ನೋಡಿದ.

"ಇವತ್ತ ನಿಂತ ನೋಡೂಣು ಮಗಳ. ಮಣ್ಣ ಮೆತ್ತಗಾಗೇತಿ."

ಆ ಸದ್ದು ನನಗೂ ಕೇಳಿಸಿತ್ತು. ಆದರೆ ಹಿಂದೆ ನಿಂತವರು ನಗುತ್ತಾರಲ್ಲ, ಗೆದ್ದ ವಾದ ಸೋತಂತಾಗುತ್ತದಲ್ಲ ಎಂದು, "ಸುಮ್ಮ ಕುಂಡ್ರಪ್ಪಾ, ಏನೂ ಆಗೂದಿಲ್ಲ," ಎಂದು ಗದರಿಸಿದೆ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಸಮಯವಿತ್ತು. ನಮ್ಮ ಬಂದರಿನ ತಂಡ ಗೋಲು ಹೊಡೆಯಿತು. ಇಡೀ ಇಳಿಜಾರು ಒಮ್ಮೆಲೇ ಕುಣಿಯಿತು. ಮುಕಾದಮ ಎದ್ದ, ಅವನ ಆಚೆಯವನು ಎದ್ದ, ನಾನೂ ಎರಡೂ ಕೈ ಮೇಲೆತ್ತಿ ಎದ್ದುಬಿಟ್ಟೆ. ಯಾರೂ "ಏಳಾಕತ್ತೇನಿ" ಎನ್ನಲಿಲ್ಲ. ಬೇರೆಯವರ ಮಾತು ಬಿಡಿ, ಅಪ್ಪನ ಮಗ್ಗುಲಲ್ಲಿ ಕೂತಿದ್ದವಳು ನಾನು.

ತುದಿಯಲ್ಲಿ ಅವನೊಬ್ಬನದೇ ಭಾರ ಉಳಿಯಿತು. ಹಲಗೆಯ ಇನ್ನೊಂದು ತುದಿ ಮೇಲೆದ್ದಿತು, ಕಲ್ಲುಗಳು ಉರುಳಿದವು. ಅಪ್ಪ ಗಟಾರಕ್ಕೆ ಬಿದ್ದ, ಅವನ ಕಾಲ ಮೇಲೆ ಹಲಗೆ ಬಿತ್ತು. ಮೇಲಿನಿಂದ ನುಗ್ಗಿ ಬಂದ ಮಂದಿ ಅದೇ ಹಲಗೆಯ ಮೇಲೆ ನಿಂತು ಗೋಲಿನ ಖುಷಿಗೆ ಕುಣಿದರು. ಅಪ್ಪ ಕೂಗಿಕೊಂಡಿದ್ದು ಯಾರಿಗೂ ಕೇಳಲಿಲ್ಲ. ನಾನೂ ಕೂಗಿದೆ, ಅವರ ಬೆನ್ನಿಗೆ ಗುದ್ದಿದೆ, ಒಬ್ಬನ ಕೈ ಕಚ್ಚಿದೆ. ನನಗೂ ಖುಷಿಯ ಹುಚ್ಚು ಹಿಡಿದಿದೆ ಎಂದುಕೊಂಡು ಅವನು ನನ್ನನ್ನು ತಬ್ಬಿಕೊಂಡ.

ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಮೇಲೆಯೇ ಕತ್ತರಿಸಿ ತೆಗೆದರು. ಕೆಲಸ ಹೋಯಿತು, ಜೋಪಡಿಯೂ ಹೋಯಿತು. ಗುಡ್ಡದ ಮೇಲೆ ಒಂದು ಬಾಡಿಗೆ ಕೋಣೆ ಹಿಡಿದೆವು.

ತೊಂಬತ್ತರ ದಶಕದಲ್ಲಿ ಇಳಿಜಾರಿಗೆ ಸಿಮೆಂಟಿನ ಮೆಟ್ಟಿಲು ಬಂತು. ಒಂದು ದಿನ ಮುಕಾದಮ ದಾರಿಯಲ್ಲಿ ಸಿಕ್ಕು, "ನೋಡವ್ವಾ, ಈಗ ಎಲ್ಲಾರೂ ಕುಂತ ನೋಡತಾರ. ನೀ ಹೇಳಿದ್ದ ಖರೇ ಆತು," ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ಅವನ ಮುಖ ನೋಡಲಾಗಲಿಲ್ಲ.

ಅಪ್ಪ ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಕೆಳಗಿನ ಮೈದಾನದಿಂದ ಗೋಲಿನ ಕೂಗು ಬಂದರೆ ಅವನು ಎದ್ದು ನಿಲ್ಲಲೇಬೇಕು.

"ಏಳಾಕತ್ತೇನಿ, ಮಗಳ," ಎನ್ನುತ್ತಿದ್ದ.

ಕೈಯಲ್ಲಿ ಏನೇ ಇರಲಿ, ಬಿಟ್ಟು ಓಡಿ ಬಂದು ಅವನ ತೋಳು ಹಿಡಿಯುತ್ತಿದ್ದೆ. ನಾನು "ಏಳಪ್ಪಾ" ಎನ್ನುವ ತನಕ ಅವನು ಕುರ್ಚಿಯ ಅಂಚು ಬಿಡುತ್ತಿರಲಿಲ್ಲ.